ಮನಸ್ಸಿದ್ದರೆ ಮಾರ್ಗ, ಸ್ಯಾಲರಿ ಸ್ಲಿಪ್ ಇದ್ದರೆ ಯುರೋಪ್

‘ಯುರೋಪ್ ಸುತ್ತೋಕೆ ದುಡ್ಡು ಬೇಡ, ಮನಸ್ಸು ಬೇಕು’ ಅಂತ ಯಾರಾದರೂ ಹೇಳಿದರೆ ನಾನೀಗ ಅವರ ಹತ್ತಿರ ಒಂದೇ ಒಂದು ಕಾಗದ ಕೇಳ್ತೀನಿ. ಕಳೆದ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ವೀಸಾ ಕೇಂದ್ರದಲ್ಲಿ ಕೇಳಿದಾಗ ತುಟಿಪಿಟಕ್ಕೆನ್ನದೆ ಕೊಟ್ಟು ಬಂದಿರ್ತಾರಲ್ಲ, ನನಗೂ ತೋರಿಸಲಿ. ಜೊತೆಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ಪು, ಐಟಿಆರ್, ‘ಇವನು ರಜೆ ಮುಗಿಸಿ ವಾಪಸ್ ಕೆಲಸಕ್ಕೆ ಬರ್ತಾನೆ’ ಅಂತ ಕಂಪನಿಯವರು ಲೆಟರ್‌ಹೆಡ್ ಮೇಲೆ ಬರೆದುಕೊಟ್ಟ ಪತ್ರ. ಇಷ್ಟನ್ನೂ ನನ್ನ ಮುಂದೆ ಇಟ್ಟಮೇಲೆ ಮನಸ್ಸಿನ ವಿಚಾರ ಮಾತಾಡೋಣ.

ಒಂದು ವರ್ಷದಿಂದ ನಾನು ಯುರೋಪನ್ನು ರೈಲಿನಲ್ಲಿ, ಕಡಿಮೆ ಖರ್ಚಿನಲ್ಲಿ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಸುತ್ತುವ ಲೆಕ್ಕ ಹಾಕುತ್ತಿದ್ದೇನೆ. ಇನ್ನೂ ಹೋಗಿಲ್ಲ. ‘ಹೋಗದವನಿಗೆ ಏನು ಗೊತ್ತು’ ಅನ್ನಬೇಡಿ. ಹೋಗಿ ಬಂದವರು ಬರೆದದ್ದನ್ನೆಲ್ಲ ಓದಿಯೇ ಈ ಸಿಟ್ಟು ಬಂದಿರೋದು. ಹದಿನೈದು ದಿನ, ಏಳು ದೇಶ, ಒಂದು ಲಕ್ಷ. ಇಪ್ಪತ್ತು ದಿನ, ಹತ್ತು ದೇಶ, ಒಂದೂಕಾಲು ಲಕ್ಷ. ಎಲ್ಲರ ಲೆಕ್ಕವೂ ವಿಮಾನದ ಟಿಕೆಟ್‌ನಿಂದ ಶುರುವಾಗುತ್ತದೆ. ಅದಕ್ಕೂ ಮೊದಲಿನ ಸಾಲುಗಳು ಎಲ್ಲಿ ಹೋದವು ಅಂತ ಕೇಳೋದಕ್ಕೆ ಈ ಬರಹ.

ನಾನು ದೇವದುರ್ಗ ತಾಲ್ಲೂಕಿನವನು. ಹೈಸ್ಕೂಲ್ ಊರಲ್ಲಿ, ಪಿಯುಸಿ, ಬಿಇ ರಾಯಚೂರಿನಲ್ಲಿ, ಹತ್ತು ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಪಾಸ್‌ಪೋರ್ಟ್ ಮಾಡಿಸಿದ್ದು ಮೂವತ್ತನೇ ವಯಸ್ಸಿಗೆ. ಅರ್ಜಿಗೆ 1500 ರೂಪಾಯಿ, ಅದು ದೊಡ್ಡದಲ್ಲ. ಆದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಬರೀ ಇನಿಷಿಯಲ್. ಹುಟ್ಟಿದ ದಿನ ಜೂನ್ 1. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹುಟ್ಟಿದ್ದು ಜೂನ್ 1ಕ್ಕೇ, ಹೆಡ್‌ಮಾಸ್ತರರ ಕೃಪೆ. ಇವನ್ನೆಲ್ಲ ಒಂದಕ್ಕೊಂದು ಹೊಂದಿಸೋಕೆ ಅಫಿಡವಿಟ್ಟು, ಓಡಾಟ, ಕೂಲಿ ಬಿಟ್ಟು ಸಾಕ್ಷಿಗೆ ಬಂದ ಪಕ್ಕದ ಮನೆಯವರಿಗೆ ಚಹಾ. ಹುಟ್ಟುವಾಗಲೇ ಜನನ ಪ್ರಮಾಣಪತ್ರ, ಸರ್‌ನೇಮ್ ಎರಡೂ ಜೊತೆಗೇ ಬಂದವರಿಗೆ ಈ ಸಾಲು ಲೆಕ್ಕದಲ್ಲಿ ಬರುವುದೇ ಇಲ್ಲ.

ಇನ್ನು ವೀಸಾ. ಷೆಂಗೆನ್ ಅನ್ನುವ ಒಂದೇ ವೀಸಾದಲ್ಲಿ 29 ದೇಶ ಸುತ್ತಬಹುದು, ನಿಜ. 180 ದಿನದೊಳಗೆ 90 ದಿನ ಇರಬಹುದು, ಅದೂ ನಿಜ. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿಯಿರಿ, ಲೆಕ್ಕ ಸುಲಭ. ಒಂಬತ್ತು ಸಾವಿರ, ಮೇಲೆ ವೀಸಾ ಕೇಂದ್ರದ ಸೇವಾ ಶುಲ್ಕ, ಕನಿಷ್ಠ 30,000 ಯೂರೋ ರಕ್ಷಣೆಯಿರುವ ವಿಮೆ. ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಬರಲ್ಲ. ಬೆರಳಚ್ಚು ಕೊಡೋಕೆ ಖುದ್ದಾಗಿ ಹೋಗಬೇಕು. ಹೋಗಿ ಬರುವ ಟಿಕೆಟ್ಟಿನ ಬುಕಿಂಗ್, ಪ್ರತಿ ರಾತ್ರಿ ಎಲ್ಲಿ ಮಲಗ್ತೀಯ ಅನ್ನುವುದರ ಪುರಾವೆ ತೋರಿಸಬೇಕು. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮನಸ್ಸು ಬಂದಲ್ಲಿ ಇಳಿದುಬಿಡೋದು ಅಂತ ಹೇಳ್ತಾರಲ್ಲ, ಆ ಮನಸ್ಸಿಗೆ ಮೊದಲೇ ತಾರೀಖುವಾರು ಪಟ್ಟಿ ಬರೆದು ಸಹಿ ಹಾಕಿ ಕೊಟ್ಟಿರಬೇಕು.

ನನ್ನ ಫೈಲ್ ಏನೋ ಗಟ್ಟಿ. ತಿಂಗಳ ಕೊನೆಗೆ ತಪ್ಪದೆ ಬೀಳುವ ಸಂಬಳ, ಫಾರ್ಮ್ 16, ಒಂದಿಷ್ಟು ಎಫ್‌ಡಿ. ಆದರೆ ಈ ಪ್ರವಾಸದ ಹುಚ್ಚು ನನ್ನದಲ್ಲ, ನಮ್ಮ ಕಾಕಾನ ಮಗನದು. ಊರಲ್ಲಿ ಎಂಟು ಎಕರೆ ಹತ್ತಿ, ಮೆಣಸಿನಕಾಯಿ ಮಾಡ್ತಾನೆ, ಮಾನ್ವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ರೈಲೇ ಇಲ್ಲದ ತಾಲ್ಲೂಕಿನಲ್ಲಿ ಹುಟ್ಟಿ ರೈಲಿನ ಹುಚ್ಚು ಹಿಡಿಸಿಕೊಂಡ ಪ್ರಾಣಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಡ್ರೈವರ್ ಕ್ಯಾಬಿನ್ನಿನಿಂದ ತೆಗೆದ ವಿಡಿಯೋ ನೋಡ್ತಾ ಕೂತಿರ್ತಾನೆ. ಆಸ್ಟ್ರಿಯಾದ ರೈಲ್‌ಜೆಟ್ ಯಾವುದು, ಜರ್ಮನಿಯ ಐಸಿಇ ಯಾವುದು ಅಂತ ಮೂತಿ ನೋಡಿಯೇ ಹೇಳ್ತಾನೆ. ‘ಅಣ್ಣ, ಅಲ್ಲಿ ಸ್ಟೇಷನ್ದಾಗ ಗೇಟೇ ಇಲ್ಲಲೋ, ಸೀದಾ ಹೋಗಿ ಹತ್ತದ, ಹೆಂಗ ನಡೀತದ ಅದು?’ ಅಂತ ಕೇಳಿದ್ದು ಅವನೇ. (ನಡೀತದ, ಯಾಕಂದರೆ ಒಳಗೆ ಟಿ.ಸಿ. ಬರ್ತಾನೆ, ಟಿಕೆಟ್ ಇಲ್ಲದಿದ್ದರೆ 60 ಯೂರೋ ದಂಡ.)

ಅವನ ಹತ್ತಿರ ದುಡ್ಡಿಲ್ಲವೇ? ಇದೆ. ಹೋದ ವರ್ಷ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದು ನಾಲ್ಕು ಲಕ್ಷಕ್ಕೆ ಮಾರಿ ಬಂದ. ಮನಸ್ಸಿಲ್ಲವೇ? ನನಗಿಂತ ಹತ್ತು ಪಟ್ಟು ಇದೆ. ಇಬ್ಬರ ಕಾಗದವನ್ನೂ ಜೋಡಿಸಿಕೊಂಡು ಬೆಂಗಳೂರಿನ ಒಬ್ಬ ವೀಸಾ ಏಜೆಂಟರ ಹತ್ತಿರ ಹೋದೆ. ಅವರು ನನ್ನ ಫೈಲ್ ತಿರುವಿ ‘ಸೂಪರ್’ ಅಂದರು. ಅವನ ಪಾಸ್‌ಬುಕ್ ತಿರುವಿ ಕನ್ನಡಕ ತೆಗೆದರು. ‘ಸರ್, ಹನ್ನೊಂದು ತಿಂಗಳು ಅಕೌಂಟಿನಲ್ಲಿ ಮೂರು ಸಾವಿರ, ಐದು ಸಾವಿರ ಇದೆ. ಆಮೇಲೆ ಒಂದೇ ದಿನ ನಾಲ್ಕು ಲಕ್ಷ ಬಿದ್ದಿದೆ. ಇದು ವೀಸಾಗೋಸ್ಕರ ಯಾರದೋ ದುಡ್ಡು ತಂದು ಹಾಕಿದ ಹಾಗೆ ಕಾಣುತ್ತೆ. ರಿಜೆಕ್ಟ್ ಆಗುತ್ತೆ. ಇಬ್ಬರೂ ಒಟ್ಟಿಗೆ ಹಾಕಿದರೆ ನಿಮ್ಮದೂ ಕೆಡುತ್ತೆ.’

ಇದನ್ನು ಎರಡು ಸಲ ಓದಿ. ಒಬ್ಬ ರೈತನ ವರ್ಷದ ದುಡಿಮೆ ವರ್ಷಕ್ಕೊಮ್ಮೆ ಬರುತ್ತದೆ. ಮೆಣಸಿನಕಾಯಿ ಗಿಡ ತಿಂಗಳ ಕೊನೇ ದಿನ ಸಂಬಳ ಹಾಕೋದಿಲ್ಲ. ಬೀಜ, ಗೊಬ್ಬರ, ಎಣ್ಣೆ ಹೊಡೆಯೋದು, ಬಿಡಿಸುವ ಕೂಲಿ ಅಂತ ಹತ್ತು ತಿಂಗಳು ಬರೀ ಹೊರಗೆ ಹೋಗುತ್ತದೆ, ಒಂದು ದಿನ ಒಳಗೆ ಬರುತ್ತದೆ. ಇದು ಕಳ್ಳಲೆಕ್ಕವಲ್ಲ, ಒಕ್ಕಲುತನದ ಲೆಕ್ಕವೇ ಹಾಗೆ. ಕೃಷಿ ಆದಾಯಕ್ಕೆ ಈ ದೇಶದಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ಅವನು ಐಟಿಆರ್ ಹಾಕಿರಲಿಲ್ಲ. ಕಾನೂನೇ ಬೇಡ ಅಂದದ್ದನ್ನು ಮಾಡದೆ ಇದ್ದದ್ದು ಅವನ ಫೈಲಿನ ಎರಡನೇ ದೋಷ. ಮೂರನೆಯದು, ವಾಪಸ್ ಬರ್ತಾನೆ ಅನ್ನೋದಕ್ಕೆ ಪುರಾವೆ. ನನಗಾದರೆ ಎಚ್ಆರ್ ಇಲಾಖೆಯ ಇಪ್ಪತ್ತಾರರ ಹುಡುಗಿಯೊಬ್ಬಳು ಎರಡು ಸಾಲು ಬರೆದುಕೊಟ್ಟರೆ ಸಾಕು. ಎಂಟು ಎಕರೆ ಹೊಲ, ಎರಡು ಎತ್ತು, ಅಂಗಡಿ, ಹೆಂಡತಿ, ಶಾಲೆಗೆ ಹೋಗುವ ಮಗಳು ಇರುವವನು ವಾಪಸ್ ಬರ್ತಾನೆ ಅಂತ ನಂಬಿಸೋಕೆ ಪಹಣಿಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಹಾಕಿಸಬೇಕು. ನಿಜ ಹೇಳಬೇಕೆಂದರೆ ನಮ್ಮಿಬ್ಬರಲ್ಲಿ ಹೇಳದೆ ಕೇಳದೆ ಅಲ್ಲೇ ಉಳಿದುಬಿಡುವ ಸಾಧ್ಯತೆ ಹೆಚ್ಚಿರೋದು ನನ್ನದು. ನನ್ನನ್ನು ಕಟ್ಟಿ ಹಾಕಿರೋದು ಒಂದು ಲ್ಯಾಪ್‌ಟಾಪ್, ಅದೂ ಕಂಪನಿಯದು.

ಇನ್ನೊಂದು ಸಂಗತಿ ನೋಡಿ. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತೀಯರಿಗೆ ಹೊಸ ಅನುಕೂಲ ಮಾಡಿಕೊಟ್ಟಿತು. ಮೂರು ವರ್ಷದೊಳಗೆ ಎರಡು ಸಲ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ವೀಸಾ, ಅದಾದ ಮೇಲೆ ಐದು ವರ್ಷದ್ದು. ಒಳ್ಳೇದೇ. ಆದರೆ ಈಗಾಗಲೇ ಹೋಗಿ ಬಂದವರಿಗೆ ಬಾಗಿಲು ಅಗಲವಾಯಿತು, ಮೊದಲ ಸಲ ಹೋಗುವವನಿಗೆ ಅದೇ ಕಿಂಡಿ. ಐದು ವರ್ಷದ ವೀಸಾ ಇರುವವರು ಕೂತು ‘ಮೊದಲ ಸಲ ಹೋಗುವವರಿಗೆ ಹತ್ತು ಟಿಪ್ಸ್’ ಬರೆಯುತ್ತಾರೆ. ಅದರಲ್ಲಿ ಮೊದಲನೇ ಟಿಪ್ಪು ಏನು? ಆರು ತಿಂಗಳು ಮೊದಲೇ ಟಿಕೆಟ್ ಬುಕ್ ಮಾಡಿ, ಅಗ್ಗ. ಸ್ವಾಮಿ, ಪಾಸ್‌ಪೋರ್ಟು ವೀಸಾ ಕಚೇರಿಯಲ್ಲಿ ಕೂತಿರುವಾಗ, ಅದು ಸ್ಟಾಂಪ್ ಹಾಕಿಸಿಕೊಂಡು ಬರುತ್ತೋ ಬರೀಗೈಲಿ ಬರುತ್ತೋ ಗೊತ್ತಿಲ್ಲದಿರುವಾಗ, ರದ್ದು ಮಾಡಿದರೆ ಪೈಸೆಯೂ ವಾಪಸ್ ಬಾರದ ಟಿಕೆಟ್ ಯಾವ ಧೈರ್ಯದ ಮೇಲೆ ತಗೊಳ್ಳೋದು?

ಹಾಗಾಗಿ ನಾವು ರೈಲಿನ ಲೆಕ್ಕವನ್ನು ಬೇರೆ ಥರ ಹಾಕಿದೆವು. ಎಲ್ಲರೂ ಮೊದಲು ಹೇಳೋದು ಯೂರೈಲ್ ಪಾಸ್. ಯುರೋಪಿನಾಚೆಯವರಿಗೆ ಅಂತಲೇ 1959ರಲ್ಲಿ ಶುರುವಾದದ್ದು, ಈಗ 33 ದೇಶಗಳಲ್ಲಿ ನಡೆಯುತ್ತದೆ. ಅಲ್ಲಿಯವರಿಗೆ ಇಂಟರ್‌ರೈಲ್ ಅಂತ ಬೇರೆ ಇದೆ, 1972ರದ್ದು. ಒಂದು ತಿಂಗಳೊಳಗೆ ಏಳು ದಿನ ಓಡಾಡುವ ಪಾಸ್ ಎರಡನೇ ದರ್ಜೆಗೆ ನಾನೂರು ಯೂರೋ ಆಸುಪಾಸು. 27 ವರ್ಷದವರೆಗೆ ಯುವಜನರ ರಿಯಾಯಿತಿ ಇದೆ. ನಮ್ಮಂಥವರು ಮನೆ ಸಾಲ, ತಂಗಿ ಮದುವೆ ಮುಗಿಸಿ ಯುರೋಪಿನ ಹೆಸರೆತ್ತುವ ಹೊತ್ತಿಗೆ ಆ ವಯಸ್ಸು ದಾಟಿರುತ್ತದೆ. ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ವೇಗದ ರೈಲುಗಳಲ್ಲಿ ಸೀಟ್ ರಿಸರ್ವೇಶನ್‌ಗೆ ಮೇಲೆ ಕೊಡಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲ್ಯಾಂಡ್‌ಗಳಲ್ಲಿ ಬಹುಪಾಲು ರೈಲು ಹಾಗೇ ಹತ್ತಬಹುದು. ಏಳು ದೇಶ ಮುಟ್ಟಿ ಬರುವವರಿಗೆ ಈ ಪಾಸ್ ಸರಿ. ನಮಗೆ ಏಳು ದೇಶ ಬೇಕಿರಲಿಲ್ಲ.

ನಮಗೆ ಸಿಕ್ಕಿದ್ದು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಗಿತ್ತು. ತಿಂಗಳು ಪೂರ್ತಿ ಜರ್ಮನಿಯ ಎಲ್ಲ ಪ್ಯಾಸೆಂಜರ್ ರೈಲು, ಸಿಟಿ ಬಸ್, ಟ್ರಾಮ್, ಮೆಟ್ರೋ. ಐಸಿಇಯಂಥ ದೊಡ್ಡ ರೈಲು ಮಾತ್ರ ಹತ್ತುವ ಹಾಗಿಲ್ಲ. ನಾಳೆ ಹೊರಡುವುದಿದ್ದರೂ ಅದೇ ರೇಟು, ಆರು ತಿಂಗಳು ಮೊದಲು ತಗೊಂಡರೂ ಅದೇ ರೇಟು. ವೀಸಾ ಯಾವಾಗ ಬರುತ್ತೋ ಅಂತ ಕಾಯುವವನಿಗೆ ಇದರ ಬೆಲೆ ಗೊತ್ತಾಗುತ್ತದೆ. (ತಿಂಗಳ ಚಂದಾ ಇದು. ಹತ್ತನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಹಿಡಿದುಕೊಳ್ಳುತ್ತಾರೆ, ನೆನಪಿರಲಿ.) ಪಶ್ಚಿಮಕ್ಕೆ ಕೋಬ್ಲೆಂಟ್ಸ್‌ನಿಂದ ಮೊಸೆಲ್ ನದಿ ಗುಂಟ ಟ್ರಿಯರ್, ಅಲ್ಲಿಂದ ಮುಂದೆ ಲಕ್ಸೆಂಬರ್ಗ್. ಪೂರ್ವಕ್ಕೆ ಗಡಿ ದಾಟಿ ಸಾಲ್ಸ್‌ಬರ್ಗ್‌ವರೆಗೂ ಅದೇ ಟಿಕೆಟ್ ನಡೆಯುತ್ತದೆ. ಕೋಬ್ಲೆಂಟ್ಸ್‌ನಲ್ಲಿ ರೈನ್, ಮೊಸೆಲ್ ಎರಡೂ ಕೂಡುತ್ತವೆ. ಕೃಷ್ಣೆ, ತುಂಗಭದ್ರೆಯರ ನಡುವಿನ ನಾಡಿನವರು ನಾವು, ನದಿ ಕೂಡೋದನ್ನು ನೋಡೋಕೆ ಅಷ್ಟು ದೂರ ಹೋಗಬೇಕಾ ಅಂತ ಅಪ್ಪ ನಗುತ್ತಾನೆ. ಇರಲಿ. ಜರ್ಮನ್ ರೈಲು ಗಡಿಯಾರದ ಮುಳ್ಳಿನ ಹಾಗೆ ಅನ್ನೋದು ಹಳೇ ಮಾತು, 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತಡವಾಗಿ ಬಂದವು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಕಾದು ಬೆಳೆದವರಿಗೆ ಅದೊಂದು ಸಮಸ್ಯೆಯಲ್ಲ.

ಹೀಗೆ ಹದಿನೈದು ದಿನದ ನನ್ನ ಲೆಕ್ಕ ತಲಾ ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ನಿಂತಿದೆ. ವಿಮಾನ 55 ಸಾವಿರ, ವೀಸಾ ವಿಮೆ ಎಲ್ಲ ಸೇರಿ 15 ಸಾವಿರ, ಹಾಸ್ಟೆಲ್ ಮಂಚ ರಾತ್ರಿಗೆ 35 ಯೂರೋದಂತೆ, ಊಟಕ್ಕೆ ದಿನಕ್ಕೆ 25, ಪ್ರಾಗ್, ವಿಯೆನ್ನಾ ಕಡೆಯ ರೈಲಿಗೆ ಬೇರೆ 100, ಉಳಿದದ್ದು ಕೈಖರ್ಚು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಊಟದ ಸಾಲು ಇನ್ನೂ ಇಳಿಯುತ್ತದೆ, ತಿಂಗಳಾದರೂ ಕೆಡಲ್ಲ. ತುಪ್ಪ, ಪೇಡೆ ಒಯ್ಯಬೇಡಿ, ಹಾಲಿನ ಪದಾರ್ಥ, ಮಾಂಸ ಒಳಗೆ ಬಿಡಲ್ಲ. ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಇರುತ್ತದೆ, ಆಗ ಹಾಸ್ಟೆಲ್ ಮಂಚದ ರೇಟು ಕೇಳಲೇಬೇಡಿ.

ಒಂದು ಲಕ್ಷ ತೊಂಬತ್ತು ಸಾವಿರ. ಇದಕ್ಕೆ ‘ಬಜೆಟ್’ ಅಂತ ಹೆಸರು. ನರೇಗಾದಲ್ಲಿ 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಭಾಗಿಸಿ ನೋಡಿದೆ, 513 ದಿನದ ಕೂಲಿ. ಆಗ ಒಂದು ಮನೆಗೆ ವರ್ಷಕ್ಕೆ ಖಾತ್ರಿ ಇದ್ದದ್ದು 100 ದಿನ. ಅಂದರೆ ನಮ್ಮೂರಿನ ಒಂದು ಮನೆಯ ಐದು ವರ್ಷಕ್ಕೂ ಮಿಕ್ಕಿದ ಖಾತ್ರಿ ಕೆಲಸ. ಹೋಗಬಾರದು ಅಂತ ಹೇಳ್ತಿಲ್ಲ, ನಾನೇ ಹೊರಟಿದ್ದೇನೆ. ಅಗ್ಗ ಅನ್ನಬೇಡಿ, ಅಷ್ಟೇ.

ಈಗ ನನ್ನ ಮುಖ್ಯ ತಕರಾರಿಗೆ ಬರ್ತೀನಿ. ಯುರೋಪಿನಲ್ಲಿ ಯಾವುದು ಅಗ್ಗವೋ ಅದು ನಿಮ್ಮ ಜಾಣತನದಿಂದ ಅಗ್ಗವಾದದ್ದಲ್ಲ. ಆ ಡಾಯ್ಚ್‌ಲಾಂಡ್ ಟಿಕೆಟ್ಟಿಗೆ ಜರ್ಮನಿಯ ಕೇಂದ್ರ, ರಾಜ್ಯ ಸರ್ಕಾರಗಳು ಸೇರಿ ವರ್ಷಕ್ಕೆ 300 ಕೋಟಿ ಯೂರೋ ತುಂಬಿಕೊಡುತ್ತವೆ. ನಿಮ್ಮ ಬಜೆಟ್ ಪ್ರವಾಸದ ಬಜೆಟ್ ಮಂಡನೆಯಾದದ್ದು ಬರ್ಲಿನ್ನಿನಲ್ಲಿ. ಲಕ್ಸೆಂಬರ್ಗ್ 2020ರ ಫೆಬ್ರವರಿ 29ರಿಂದ ಇಡೀ ದೇಶದ ರೈಲು, ಬಸ್ಸು, ಟ್ರಾಮುಗಳನ್ನು ಉಚಿತ ಮಾಡಿದೆ, ಅಲ್ಲಿಯವರಿಗೂ, ನಮ್ಮಂಥ ಪರದೇಶಿಗಳಿಗೂ. ಯುರೋಪಿಯನ್ ಒಕ್ಕೂಟ ಡಿಸ್ಕವರ್ ಇಯು ಅಂತ 2018ರಿಂದ ಹದಿನೆಂಟು ತುಂಬಿದ ಹುಡುಗ ಹುಡುಗಿಯರನ್ನು ಆರಿಸಿ ಪುಕ್ಕಟೆ ರೈಲು ಪಾಸ್ ಕೊಡುತ್ತಿದೆ, ಹೋಗಿ ಪಕ್ಕದ ದೇಶ ನೋಡ್ಕೊಂಡು ಬನ್ನಿ ಅಂತ.

ಲಕ್ಸೆಂಬರ್ಗಿನ ಟ್ರಾಮಿನಲ್ಲಿ ಟಿಕೆಟ್ ಇಲ್ಲದೆ ಕೂತು ಫೋಟೋ ಹಾಕಿ, ‘ಇದಪ್ಪಾ ನಾಗರಿಕತೆ ಅಂದ್ರೆ’ ಅಂತ ಬರೆದವರೊಬ್ಬರು ನನಗೆ ಗೊತ್ತು. ಅದೇ ಮನುಷ್ಯ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಕ್ಯಾಂಟೀನಿನಲ್ಲಿ ಏನಂದರು ಅನ್ನೋದೂ ನೆನಪಿದೆ. ‘ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಧರ್ಮಸ್ಥಳ ಸುತ್ತುತ್ತಾರೆ.’ ಹೌದು, ಸುತ್ತುತ್ತಾರೆ. ನಮ್ಮ ಅವ್ವ ಅರವತ್ತು ವರ್ಷದಲ್ಲಿ ಮೊದಲ ಸಲ ಯಾರ ಹತ್ತಿರವೂ ಕೈಚಾಚದೆ, ಯಾರ ಅಪ್ಪಣೆಗೂ ಕಾಯದೆ, ಆಧಾರ್ ಕಾರ್ಡ್ ತೋರಿಸಿ ಕೆಂಪು ಬಸ್ ಹತ್ತಿ ತನ್ನ ಅಕ್ಕನನ್ನು ನೋಡೋಕೆ ಸಿಂಧನೂರಿಗೆ ಹೋಗಿ ಬಂದಳು. ಅವಳು ಹೋಗಿದ್ದು ತಿರುಗಾಟಕ್ಕೇ. ನಾವು ಕೋಬ್ಲೆಂಟ್ಸ್‌ಗೆ ಹೋಗೋದೂ ತಿರುಗಾಟಕ್ಕೇ. ನೀವು ಹೋದರೆ ಅನುಭವ, ಅವಳು ಹೋದರೆ ಬಿಟ್ಟಿಭಾಗ್ಯವಾ? ‘ಲಕ್ಸೆಂಬರ್ಗ್ ಶ್ರೀಮಂತ ದೇಶ, ಅದಕ್ಕೆ ತಾಕತ್ತಿದೆ’ ಅಂತ ವಾದ ಮಾಡುವವರಿದ್ದಾರೆ. ಸರಿ, ಹಾಗಾದರೆ ಖಜಾನೆಯ ಲೆಕ್ಕ ಮಾತಾಡೋಣ, ಬಸ್ಸು ಸಾಲದೆ ಹುಡುಗರು ಕಾಲೇಜಿಗೆ ಬಾಗಿಲಲ್ಲಿ ಜೋತು ಹೋಗುವ ಪಾಡು ಮಾತಾಡೋಣ, ಅದು ನ್ಯಾಯವಾದ ಟೀಕೆ. ಆದರೆ ಅವತ್ತು ನೀವು ಹೇಳಿದ್ದು ಖಜಾನೆಯ ಮಾತಲ್ಲ. ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗ್ತಾರೆ ಅಂದಿದ್ದಿರಿ. ಲಕ್ಸೆಂಬರ್ಗಿನವರು ಐದು ವರ್ಷದಲ್ಲಿ ಎಷ್ಟು ಸೋಮಾರಿಗಳಾಗಿದ್ದಾರೆ ಅಂತ ಟ್ರಾಮಿನಲ್ಲಿ ವಿಚಾರಿಸಿ ಬರಬೇಕಿತ್ತು.

ಇನ್ನೊಂದು ಟಿಪ್ಪು ಕೇಳಿ. ‘ನೀರು ಕೊಂಡುಕೊಳ್ಳಬೇಡಿ, ಬಾಟಲಿ ಇಟ್ಟುಕೊಂಡು ನಲ್ಲಿಯಲ್ಲಿ ತುಂಬಿಸಿಕೊಳ್ಳಿ, ದಿನಕ್ಕೆ ಐದು ಯೂರೋ ಉಳಿಯುತ್ತೆ.’ ಒಳ್ಳೇ ಟಿಪ್ಪೇ. ವಿಯೆನ್ನಾದಲ್ಲಿ ರಸ್ತೆ ರಸ್ತೆಯಲ್ಲೂ ಕುಡಿಯುವ ನೀರಿನ ನಲ್ಲಿಗಳಿವೆಯಂತೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. ಎರಡು ನದಿಗಳ ನಡುವಿನ ಊರಿನಲ್ಲಿ. ವಿಯೆನ್ನಾದಲ್ಲಿ ಉಳಿದ ಐದು ಯೂರೋ ನಿಮ್ಮ ಮಿತವ್ಯಯದ ಫಲವಲ್ಲ, ಅಲ್ಲಿಯ ಯಾವುದೋ ನಗರಸಭೆ ತನ್ನ ಕೆಲಸ ಸರಿಯಾಗಿ ಮಾಡಿದ್ದರ ಫಲ.

ರೈಲಿಗೇ ವಾಪಸ್ ಬರೋಣ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ, ಇವೆರಡೂ 1871ರಲ್ಲಿ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿ. ನೂರೈವತ್ತು ವರ್ಷಕ್ಕೂ ಮಿಕ್ಕಿ ಹಿಂದೆಯೇ ಮುಂಬಯಿ–ಮದ್ರಾಸ್ ದಾರಿಗೆ ಗಂಟು ಹಾಕಿದ ಊರು. ಆ ಸ್ಟೇಷನ್ನಿನಿಂದ ಮಾನ್ವಿ ಐವತ್ತು ಕಿಲೋಮೀಟರಿನೊಳಗೆ, ದೇವದುರ್ಗ ಹೆಚ್ಚುಕಡಿಮೆ ಅಷ್ಟೇ. ಎರಡಕ್ಕೂ ಇವತ್ತಿಗೂ ರೈಲಿಲ್ಲ. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು ಹಾದು ಹೋಗಬೇಕಾದ ದಾರಿ. ಆ ಕಡೆ ಮೆಹಬೂಬ್‌ನಗರದಿಂದ ಕೃಷ್ಣಾ ಸ್ಟೇಷನ್‌ವರೆಗಿನ ಭಾಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು. ಈ ಕಡೆ ಸಿಂಧನೂರಿಗೆ 2024ರಲ್ಲಿ ರೈಲು ಬಂತು. ಎರಡೂ ತುದಿ ಮುಗಿದು ನಡುವೆ ಉಳಿದದ್ದು ಮಾನ್ವಿ. ಮಂಜೂರಾದ ವರ್ಷ ನಮ್ಮ ತಮ್ಮ ಅಂಗನವಾಡಿಗೆ ಹೋಗುತ್ತಿದ್ದ. ಈಗ ಅವನ ಮಗಳು ಶಾಲೆಗೆ ಹೋಗುತ್ತಾಳೆ. ಅವನು ಜರ್ಮನಿಯ ರೈಲಿನ ವಿಡಿಯೋ ನೋಡ್ತಾ ಕೂರುವ ಅಂಗಡಿ ಇರೋದು ಆ ಮಾನ್ವಿಯಲ್ಲೇ. ದೇವದುರ್ಗದ ಮಾತು ಬಿಡಿ, 2002ರ ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ರಿಸರ್ವೇಶನ್ ಇಲ್ಲದೆ ಸೀಟು ಸಿಕ್ಕಿತ್ತು.

ಬ್ಯಾಕ್‌ಪ್ಯಾಕಿಂಗ್ ಅನ್ನುವ ಪದದ ಬಗ್ಗೆಯೂ ನನಗೆ ಸ್ವಲ್ಪ ಕಿರಿಕಿರಿ ಇದೆ. ಒಂದೇ ಬ್ಯಾಗು, ಹತ್ತು ಜನರ ಜೊತೆ ಒಂದೇ ಕೋಣೆಯಲ್ಲಿ ಮಲಗೋದು, ಒಂದೇ ಹೊತ್ತು ಬಿಸಿ ಊಟ, ರಾತ್ರಿ ರೈಲಿನಲ್ಲಿ ಕೂತೇ ನಿದ್ದೆ, ಇದರಲ್ಲೇನೋ ಮೋಕ್ಷ ಇದೆ ಅನ್ನುವ ಹಾಗೆ ಬರೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಜನ ಇದನ್ನೇ ಮಾಡ್ತಾರೆ, ಅದಕ್ಕೆ ಗುಳೆ ಅಂತಾರೆ. ತಲೆ ಮೇಲೆ ಚೀಲ, ಕಂಕುಳಲ್ಲಿ ಕೂಸು, ರಾಯಚೂರು ಸ್ಟೇಷನ್ನಿನಲ್ಲಿ ಜನರಲ್ ಬೋಗಿ ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಓಟ. ಬೆಂಗಳೂರು, ಹೈದರಾಬಾದು, ಪುಣೆ. ನೀವು ಕೂತು ಈ ಪುಸ್ತಕ ಓದುತ್ತಿರುವ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಕಟ್ಟಿದವರಲ್ಲಿ ದೇವದುರ್ಗದವರು ಒಬ್ಬರಾದರೂ ಇದ್ದೇ ಇರ್ತಾರೆ. ಅವರಲ್ಲಿ ಯಾರೂ ಊರಿಗೆ ವಾಪಸ್ ಬಂದು ‘ಕಡಿಮೆ ಸಾಮಾನಿನಲ್ಲಿ ಬದುಕುವ ಕಲೆ’ ಅಂತ ಬರೆದಿಲ್ಲ. ಹಾಸ್ಟೆಲ್ ಮಂಚದಲ್ಲಿ ಮಲಗೋದು ದುಡ್ಡು ಉಳಿಸೋಕೆ. ಉಳಿಸಿ, ಮಲಗಿ, ಅದಕ್ಕೆ ಆಧ್ಯಾತ್ಮ ಬೆರೆಸಬೇಡಿ.

‘ಮೊದಲು ನಮ್ಮ ದೇಶ ನೋಡಪ್ಪಾ, ಹಂಪಿ ನೋಡಿದೀಯಾ’ ಅನ್ನುವವರಿಗೆ ಹೆಚ್ಚು ಹೇಳೋಕೇನಿಲ್ಲ. ಹಂಪಿ ನಮಗೆ ಶಾಲೆಯ ಟ್ರಿಪ್ಪು, ಐದು ಸಲ ನೋಡಿದ್ದೇನೆ. ಹೀಗೆ ಹೇಳುವವರ ಮಕ್ಕಳು ಡಲ್ಲಾಸ್‌ನಲ್ಲೋ ಮ್ಯೂನಿಕ್‌ನಲ್ಲೋ ಇರುತ್ತಾರೆ. ಹಳ್ಳಿಯಿಂದ ಬಂದವನು ದುಡಿದ ದುಡ್ಡನ್ನು ಮನೆ, ಮದುವೆ, ಬೋರ್‌ವೆಲ್ಲಿಗೆ ಹಾಕಿದರೆ ಜವಾಬ್ದಾರಿಯ ಮನುಷ್ಯ, ಹದಿನೈದು ದಿನ ಸುಮ್ಮನೆ ರೈಲಿನ ಕಿಟಕಿ ಪಕ್ಕ ಕೂತರೆ ಶೋಕಿ. ಆ ಶೋಕಿ ಮಾಡುವ ಹಕ್ಕು ನನಗೂ ಇದೆ, ನನ್ನ ತಮ್ಮನಿಗೆ ನನಗಿಂತ ಹೆಚ್ಚೇ ಇದೆ.

ಹಾಗಾಗಿ ಬಜೆಟ್ ಯುರೋಪಿನ ಬಗ್ಗೆ ಬರೆಯುವವರಲ್ಲಿ ನನ್ನದೊಂದು ಕೇಳಿಕೆ. ಖರ್ಚಿನ ಪಟ್ಟಿಯ ಮೇಲೆ ನಾಲ್ಕು ಸಾಲು ಸೇರಿಸಿ. ಹೊರಡುವ ದಿನ ಅಕೌಂಟಿನಲ್ಲಿ ಎಷ್ಟಿತ್ತು. ಪಾಸ್‌ಪೋರ್ಟಿನಲ್ಲಿ ಮೊದಲೇ ಎಷ್ಟು ವೀಸಾ ಇದ್ದವು. ರಜೆಗೆ ಸಂಬಳ ಬಂತೋ ಕಟ್ ಆಯಿತೋ. ಬರದೆ ಹೋಗಿದ್ದರೆ ವೀಸಾದ ಒಂಬತ್ತು ಸಾವಿರವನ್ನು ಕೈಬಿಟ್ಟು ಸುಮ್ಮನಿರಲು ಆಗುತ್ತಿತ್ತೋ ಇಲ್ಲವೋ. ಅಷ್ಟು ಬರೆದರೆ ಓದುವವನಿಗೆ ಇದು ತನ್ನ ಅಳತೆಯ ಅಂಗಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ಇಲ್ಲದಿದ್ದರೆ ತನ್ನ ಮನಸ್ಸಿನಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾನೆ.

ಏಜೆಂಟರು ‘ನೀವೊಬ್ಬರೇ ಹೋಗಿ ಬನ್ನಿ ಸರ್, ಅವರದ್ದು ಮುಂದೆ ನೋಡೋಣ’ ಅಂದಿದ್ದರು. ತಮ್ಮನೂ ಅದನ್ನೇ ಹೇಳಿದ, ‘ನೀ ಹೋಗಿ ಬಾ ಅಣ್ಣ, ನಾ ವಿಡಿಯೋದಾಗ ನೋಡ್ತೀನಿ’ ಅಂತ. ನಾನು ಒಪ್ಪಲಿಲ್ಲ. ಹೊರಡೋದನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದೇವೆ. ಈ ಜುಲೈನಲ್ಲಿ ಅವನು ಜೀವನದ ಮೊದಲ ಐಟಿಆರ್ ಹಾಕಿದ, ಕಟ್ಟಬೇಕಾದ ತೆರಿಗೆ ಸೊನ್ನೆ. ಮೊಬೈಲ್ ಅಂಗಡಿಯ ದಿನದ ದುಡ್ಡನ್ನು ಗಲ್ಲದಲ್ಲಿ ಇಡದೆ ವಾರಕ್ಕೊಮ್ಮೆ ಬ್ಯಾಂಕಿಗೆ ಕಟ್ಟಿ ಬರ್ತಾನೆ, ಸ್ಟೇಟ್‌ಮೆಂಟಿಗೆ ಸಂಬಳದ ಮುಖ ಬರಲಿ ಅಂತ. ಹತ್ತಿ ಬಿಡಿಸೋದು ನಡೆದಿದೆ. ಮೆಣಸಿನಕಾಯಿ ಫೆಬ್ರವರಿಯೊಳಗೆ ಬ್ಯಾಡಗಿಗೆ ಹೋಗಿ ಚೆಕ್ ಬಂದರೆ ಆಗಸ್ಟ್ ಹೊತ್ತಿಗೆ ಆ ದುಡ್ಡು ಅಕೌಂಟಿನಲ್ಲಿ ಆರು ತಿಂಗಳು ಹಳೇದಾಗಿರುತ್ತದೆ. ಆಗ ಇಬ್ಬರೂ ಒಟ್ಟಿಗೇ ಅರ್ಜಿ ಹಾಕ್ತೀವಿ. ಪಹಣಿಯ ಅನುವಾದಕ್ಕೆ ಪುಟಕ್ಕೆ ಐನೂರು ಕೇಳಿದ್ದಾರೆ, ನಾಲ್ಕು ಸರ್ವೆ ನಂಬರಿದೆ, ಸ್ವಲ್ಪ ಕಡಿಮೆ ಮಾಡಿಸಬೇಕು.